ಹಳೇ ಜೀಪ್ ಪಿಕಪ್‌ನ ಮೂತಿ ಇಳಿಸಬೇಕೆ? ಪರ – ವಿರೋಧ

ಪರ: ಏರಿದ ಮೂತಿ ಕಂಪನಿ ಕೊಟ್ಟದ್ದಲ್ಲ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇನ್ನೂ ದುಡಿಯುತ್ತಿರುವ ಹಳೇ ಮಹೀಂದ್ರಾ ಜೀಪ್ ಪಿಕಪ್‌ಗಳನ್ನು ಪಕ್ಕದಿಂದ ನೋಡಿ. ಬಹಳಷ್ಟರ ಮೂತಿ ಮೇಲೆ, ಹಿಂಭಾಗ ಕೆಳಗೆ. ಅಡಿಕೆ ಮೂಟೆ, ಗೊಬ್ಬರ, ಜಂಬಿಟ್ಟಿಗೆ ಹೇರಿ ಹೇರಿ ಹಿಂದಿನ ಪ್ಲೇಟುಗಳು, ಅಂದರೆ ಸ್ಪ್ರಿಂಗಿನ ಕಮಾನು ಪಟ್ಟಿಗಳು, ಕೂತುಹೋಗಿವೆ. ಮುಂದಿನ ಪ್ಲೇಟು ಕಟ್ಟಾದಾಗಲೆಲ್ಲ ‘ಒಂದು ಎಕ್ಸ್‌ಟ್ರಾ ಇರಲಿ’ ಎಂದು ಸೇರಿಸಿದ್ದು ಹಾಗೇ ಉಳಿದಿದೆ. ಆದ್ದರಿಂದ ಮೂತಿ ಇಳಿಸುವುದೆಂದರೆ ಶೋಕಿ ಎಂದು ಮೂಗು ಮುರಿಯುವ ಮೊದಲು, ಆ ಎತ್ತರ ಎಲ್ಲಿಂದ ಬಂತೆಂದು ಕೇಳಬೇಕು.

ಮೂತಿ ಏರಿದ ಗಾಡಿಯಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಆಕ್ಸಲ್ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಕಡಿದಾಗಿ ಇಳಿಜಾರಾಗುತ್ತದೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಆ ಕೋನ ಬದಲಾಗಿ ಸ್ಟೀರಿಂಗ್ ತಾನೇ ಎಳೆಯುತ್ತದೆ. ಲಿಂಕ್ ನೆಲಕ್ಕೆ ಸಮನಾದಷ್ಟೂ ಈ ಕಾಟ ಕಡಿಮೆ. ಹೆಡ್‌ಲೈಟಿನ ವಿಷಯವೂ ಇದೆ. ಮೂತಿ 1 ಡಿಗ್ರಿ ಮೇಲೆದ್ದರೆ 10 ಮೀಟರ್ ದೂರದಲ್ಲಿ ಬೆಳಕು ಸುಮಾರು 17 ಸೆಂ.ಮೀ. ಮೇಲೇರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಂಜು ಕವಿದಿರುವಾಗ ಎದುರಿನವನ ಕಣ್ಣಿಗೂ ಅದು ಹೊಡೆಯುತ್ತದೆ, ನಿಮ್ಮ ಮುಂದೆಯೂ ಬರೀ ಬಿಳಿ ಗೋಡೆ.

‘ಇಳಿಸಿದರೆ ತೋಟದ ದಾರಿಯಲ್ಲಿ ಅಡಿ ತಾಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಮುಂದೆ ಎರಡೂ ಚಕ್ರ ಜೋಡಿಸುವ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಅತಿ ತಗ್ಗಿನ ಭಾಗವೆಂದರೆ ಆಕ್ಸಲ್ ಮತ್ತು ಅದಕ್ಕೆ ಸ್ಪ್ರಿಂಗ್ ಕಟ್ಟುವ ಯು-ಬೋಲ್ಟಿನ ಅಡಿಪಟ್ಟಿ. ಪ್ಲೇಟಿನ ಬೆಂಡ್ (ಕಮಾನು) ಎಷ್ಟೇ ಇಳಿಸಿದರೂ ಅವುಗಳಿಗೂ ನೆಲಕ್ಕೂ ಇರುವ ಅಂತರ ಒಂದು ಮಿ.ಮೀ. ಕೂಡ ಬದಲಾಗದು. ಅದನ್ನು ನಿರ್ಧರಿಸುವುದು ಟೈರಿನ ಎತ್ತರ. ಗಾಡಿ ಜಾಡಿನ ನಡುದಿಬ್ಬ ಮೊದಲು ಎಲ್ಲಿ ತಾಗುತ್ತಿತ್ತೋ ಈಗಲೂ ಅಲ್ಲೇ ತಾಗುತ್ತದೆ.

ಮಾಡುವ ಕ್ರಮ ಗೊತ್ತಿರಬೇಕು, ಅಷ್ಟೆ. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆದು ಬರೆದಿಟ್ಟುಕೊಳ್ಳಿ. ಆಕ್ಸಲ್‌ನಿಂದ ಬಂಪ್ ರಬ್ಬರಿಗೆ (ಆಕ್ಸಲ್ ಮೇಲೆದ್ದಾಗ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಇರುವ ಅಂತರವನ್ನೂ ಅಳೆಯಿರಿ. ಅದು 90 ಮಿ.ಮೀ. ಇದ್ದರೆ 40 ಇಳಿಸಿ 50 ಉಳಿಸಬಹುದು. 75 ಇದ್ದರೆ 25ಕ್ಕೆ ನಿಲ್ಲಿಸಿ. ಜಾಗ ಸಾಲದೆಂದು ರಬ್ಬರ್ ಕೊಯ್ಯುವ ಚಾಳಿ ಬೇಡ.

ಹೆಚ್ಚುವರಿ ಪ್ಲೇಟು ಇದ್ದರೆ ಅದನ್ನು ತೆಗೆಯಿರಿ. ಕಂಪನಿ ಸೆಟ್ಟಿನ ಪ್ಲೇಟು ತೆಗೆಯಬೇಡಿ. ಒಂದೇ ದಪ್ಪದ ಏಳು ಪ್ಲೇಟಿನಲ್ಲಿ ಒಂದು ಹೋದರೆ ಬಿಗಿ ಹೆಚ್ಚುಕಡಿಮೆ ಏಳನೇ ಒಂದು ಭಾಗ ಕುಸಿಯುತ್ತದೆ, ಬ್ರೇಕ್ ಒತ್ತಿದಾಗ ಮೇನ್ ಪ್ಲೇಟು ಹಾವಿನಂತೆ ತಿರುಚಿಕೊಳ್ಳುತ್ತದೆ. ಉಳಿದದ್ದನ್ನು ಬೆಂಡ್ ಇಳಿಸಿ ಸಾಧಿಸಬೇಕು. ಸೆಟ್ಟನ್ನು ಸಿ-ಕ್ಲಾಂಪಿನಲ್ಲಿ ಹಿಡಿದ ಮೇಲೆಯೇ ಸೆಂಟರ್ ಬೋಲ್ಟ್ ಬಿಚ್ಚಿ, ಇಲ್ಲದಿದ್ದರೆ ಪ್ಲೇಟುಗಳು ಸಿಡಿದು ಕೈ ಹೋಗುತ್ತದೆ. ಒಂದೊಂದೇ ಪ್ಲೇಟನ್ನು ತಣ್ಣಗೆ, ಪ್ರೆಸ್ಸಿನಲ್ಲಿ ಬಗ್ಗಿಸಬೇಕು. ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸಿ ಬಡಿದರೆ ಸ್ಪ್ರಿಂಗ್ ಉಕ್ಕಿನ ಹದ ಹೋಗಿ, ಕಾಯಿಸಿದ ಜಾಗದಲ್ಲೇ ಕೂರುತ್ತದೆ ಇಲ್ಲವೇ ಮುರಿಯುತ್ತದೆ. ಮೇನ್ ಪ್ಲೇಟಿನ ಎರಡು ತುದಿಯ ತೂತುಗಳ, ಅಂದರೆ ಕಣ್ಣುಗಳ, ನಡುವೆ ದಾರ ಹಿಡಿದು ಸೆಂಟರ್ ಬೋಲ್ಟಿನ ಬಳಿ ಕಮಾನಿನ ಆಳ ಅಳೆದರೆ ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ಎಡ-ಬಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಿಡಬೇಡಿ.

ಕೂಡಿಸುವಾಗ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ಹಾಕಿ. ಯು-ಬೋಲ್ಟ್, ಸೆಂಟರ್ ಬೋಲ್ಟ್ ಹೊಸವೇ ಇರಲಿ. ರಬ್ಬರ್ ಬುಷ್ ಇದ್ದರೆ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ) ಬೋಲ್ಟುಗಳನ್ನು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತ ಮೇಲೆಯೇ ಬಿಗಿಯಿರಿ. ಜಾಕಿನ ಮೇಲಿರುವಾಗ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಸ್ಟೀರಿಂಗ್ ಚಕ್ರವನ್ನು ನೇರ ಮಾಡಿ. 200–300 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಯಬೇಕು.

ವಿಡಿಯೊಗಳಲ್ಲಿ ಕಾಣುವ ಅಮೆರಿಕದ ಶೆವರ್ಲೆ ಸಿ-10 ಪಿಕಪ್‌ನ ಲೆಕ್ಕವನ್ನು ಇಲ್ಲಿಗೆ ತರಬೇಡಿ. 1963ರಿಂದ ಅದಕ್ಕೆ ಮುಂದೆ ಕಾಯಿಲ್ ಸ್ಪ್ರಿಂಗ್, ಎರಡು ಚಕ್ರಗಳೂ ಪ್ರತ್ಯೇಕವಾಗಿ ಆಡುತ್ತವೆ. ಡ್ರಾಪ್ ಸ್ಪಿಂಡಲ್ (ಚಕ್ರ ಕೂರುವ ಜಾಗ ಮೇಲಕ್ಕಿರುವ ಬಿಡಿಭಾಗ) ಹಾಕಿ ಎರಡೂವರೆ ಇಂಚು ಇಳಿಸಿದರೂ ಸ್ಪ್ರಿಂಗಿನ ಓಟ (ಮೇಲೆ-ಕೆಳಗೆ ಆಡುವ ಜಾಗ) ಹಾಗೇ ಉಳಿಯುತ್ತದೆ. ನಮ್ಮದರಲ್ಲಿ ಆ ಸೌಕರ್ಯ ಇಲ್ಲ, 40 ಮಿ.ಮೀ. ಎಂಬುದು ಗುರಿಯಲ್ಲ, ಮಿತಿ.

ವಿರೋಧ: ರೋಗ ಹಿಂದೆ, ಮದ್ದು ಮುಂದೆ

ಮೇಲಿನ ಬರಹದಲ್ಲಿ ಪ್ರೆಸ್ಸಿನ ಕೆಲಸ ಸರಿಯಾಗಿದೆ, ಕಾರಣವೂ ಸರಿಯಾಗಿದೆ. ಹಿಂದಿನ ಪ್ಲೇಟು ಕೂತು ಮೂತಿ ಏರಿದೆ ಎಂದು ಅವರೇ ಹೇಳುತ್ತಾರೆ. ಹಾಗಿದ್ದ ಮೇಲೆ ಮುಂದಿನದಕ್ಕೆ ಕೈ ಹಾಕುವುದೇಕೆ?

ಆಕ್ಸಲ್ ಅಡಿಯ ಅಂತರ ಬದಲಾಗದು ಎಂಬುದನ್ನು ಒಪ್ಪೋಣ. ಬದಲಾಗುವುದು ಆಕ್ಸಲ್‌ನ ಮೇಲಿನ ಅಂತರ. ಎಂಜಿನ್ನಿನ ಆಯಿಲ್ ಸಂಪ್ (ತಳದ ಎಣ್ಣೆ ತೊಟ್ಟಿ), ಬಂಪರ್, ರೇಡಿಯೇಟರಿನ ಕೆಳ ಟ್ಯಾಂಕ್ ಇವೆಲ್ಲ ಚಾಸಿಯ ಜೊತೆ ಇಳಿಯುತ್ತವೆ. ಗಾಡಿ ಪೂರ್ತಿ ಕುಕ್ಕಿದಾಗ ಸಂಪ್‌ಗೂ ಆಕ್ಸಲ್‌ಗೂ ಎಷ್ಟು ಜಾಗ ಉಳಿದಿದೆ ಎಂದು ಯಾರೂ ನೋಡುವುದಿಲ್ಲ. ಹಳೇ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಮೌಂಟಿಂಗ್ ಎಲ್ಲಿಟ್ಟಿದ್ದಾರೋ, ಸಂಪ್ ಎಷ್ಟು ಜೋತಿದೆಯೋ, ಅದು ಒಂದೊಂದು ಗಾಡಿಯದು ಒಂದೊಂದು ಥರ.

ಇನ್ನು ಬಂಪ್ ರಬ್ಬರಿಗೆ ಉಳಿಸಿದ 50 ಮಿ.ಮೀ. ಅದು ಖಾಲಿ ಗಾಡಿ ನಿಂತಾಗಿನ ಅಳತೆ. ಉಣುಗೋಲು ದಾಟಿ ತೋಟಕ್ಕೆ ಇಳಿಯುವ ಜಾಗ ನೆನೆಸಿಕೊಳ್ಳಿ: ಇಳಿಜಾರು, ಕಾಲು ಬ್ರೇಕಿನ ಮೇಲೆ, ಮೈಯಲ್ಲಿ ಗೊಬ್ಬರ, ಕೊನೆಗೆ ದಾರಿಗೆ ಅಡ್ಡವಾಗಿ ಮಳೆನೀರಿನ ಚರಂಡಿ. ಬ್ರೇಕಿಗೆ ಮೂತಿ ಕುಗ್ಗಿ ಅರ್ಧ ಓಟ ಮೊದಲೇ ಮುಗಿದಿರುತ್ತದೆ. ಚರಂಡಿಯ ಪೆಟ್ಟಿಗೆ ಆಕ್ಸಲ್ ರಬ್ಬರಿಗೆ ಬಡಿಯುತ್ತದೆ. ಆ ಗಳಿಗೆಯಲ್ಲಿ ಸ್ಪ್ರಿಂಗೇ ಇಲ್ಲದಂತೆ, ಪೆಟ್ಟು ನೇರವಾಗಿ ಚಾಸಿಗೆ. ಒಂದು ಮಳೆಗಾಲ ಹೀಗೆ ಓಡಿದರೆ ಶಾಕಲ್ ಹ್ಯಾಂಗರಿನ ರಿವೆಟ್ ಸಡಿಲಾಗುವುದು, ಅದರ ಪಕ್ಕ ಚಾಸಿ ಸೀಳುವುದು, ಮೇನ್ ಪ್ಲೇಟು ಕಣ್ಣಿನ ಬಳಿ ಕಟ್ಟಾಗುವುದು ಹೊಸದಲ್ಲ. ಏರಿದ ಮೂತಿಗೆಂದು ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದ್ದರೆ ರಬ್ಬರಿಗಿಂತ ಮೊದಲು ಅದೇ ತಳ ಮುಟ್ಟಿ ರಾಡ್ ಬಾಗಬಹುದು. ಮೇಲಿನ ಕ್ರಮದಲ್ಲಿ ಇದರ ಮಾತೇ ಇಲ್ಲ.

ಕ್ಯಾಸ್ಟರ್ ಬಗ್ಗೆಯೂ ಇಲ್ಲ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು ಕಿಂಗ್ ಪಿನ್, ಅದರ ತಲೆ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಗಾಡಿ ನೇರ ಓಡಲು ಅದು ಬೇಕು. ಅಮೆರಿಕದ ವಿಲ್ಲಿಸ್ ಕಂಪನಿ ಮೂಲದ ಜೀಪಿಗೆ ಹೇಳಿರುವುದು 3 ಡಿಗ್ರಿ. 2.4 ಮೀಟರ್ ವೀಲ್‌ಬೇಸಿನ ಗಾಡಿಯಲ್ಲಿ ಮುಂದೆ ಮಾತ್ರ 40 ಮಿ.ಮೀ. ಇಳಿಸಿದರೆ ಚಾಸಿ ಸುಮಾರು 1 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಅಷ್ಟು ಕ್ಯಾಸ್ಟರ್ ಹೋಯಿತು. ಬ್ರೇಕ್ ಒತ್ತಿದಾಗ ಚಕ್ರ ತಿರುಗುವ ದಿಕ್ಕಿಗೇ ಆಕ್ಸಲ್ ಹೊರಳಲು ನೋಡುತ್ತದೆ, ಕಿಂಗ್ ಪಿನ್ನಿನ ತಲೆ ಮುಂದಕ್ಕೆ ಬಾಗಿ ಇನ್ನಷ್ಟು ಹೋಗುತ್ತದೆ. ಸವೆದ ಬುಷ್, ಸವೆದ ಕಿಂಗ್ ಪಿನ್ ಸೇರಿದರೆ ಹುಲಿಕಲ್ ಘಾಟಿ ಇಳಿಯುವಾಗ ಸ್ಟೀರಿಂಗ್ ಅಲುಗಾಟ ಶುರು. ಪರಿಹಾರಕ್ಕೆ ವೆಡ್ಜ್ ಪ್ಲೇಟು (ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಇಡುವ ಬೆಣೆ) ಇದೆ, ಅದನ್ನು ಉಲ್ಟಾ ಹಾಕುವವರೇ ಹೆಚ್ಚು. ಸ್ಪ್ರಿಂಗ್ ಆಕ್ಸಲ್‌ನ ಕೆಳಗೆ ಹಾದುಹೋಗುವ ಜೀಪಿನಲ್ಲಿ ದಪ್ಪ ಅಂಚು ಮುಂದಕ್ಕೆ ಬರಬೇಕು. ಸ್ಪ್ರಿಂಗ್ ಮೇಲಿದ್ದರೆ ದಪ್ಪ ಅಂಚು ಹಿಂದಕ್ಕೆ. ಫೋರ್ ವೀಲ್ ಗಾಡಿಯಾದರೆ ವೆಡ್ಜ್ ಹಾಕಿದಷ್ಟೂ ಮುಂದಿನ ಡಿಫರೆನ್ಷಿಯಲ್ಲಿನ ಮೂಗು ಕೆಳಗೆ ಬಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆಯುತ್ತದೆ.

ಕಮಾನು ಚಪ್ಪಟೆಯಾದರೆ ಉದ್ದವೂ ಬೆಳೆಯುತ್ತದೆ. ಕಣ್ಣಿಂದ ಕಣ್ಣಿಗೆ 1 ಮೀಟರ್ ಇರುವ ಸೆಟ್ಟಿನ ಆಳ 100ರಿಂದ 60 ಮಿ.ಮೀ.ಗೆ ಇಳಿದರೆ ಅಂತರ ಸುಮಾರು 17 ಮಿ.ಮೀ. ಹೆಚ್ಚುತ್ತದೆ. ಅಷ್ಟನ್ನು ಶಾಕಲ್ ನುಂಗಬೇಕು. ಅದು ಮೊದಲೇ ವಾಲಿ ನಿಂತಿದ್ದರೆ ಗುಂಡಿಯಲ್ಲಿ ಚಾಸಿಗೆ ಬಡಿಯುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕುರಿತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟು ಒಂದಕ್ಕೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಎಕ್ಸ್‌ಟ್ರಾ ಪ್ಲೇಟು ತೆಗೆದು ಮೂಲ ಎತ್ತರಕ್ಕೆ ತಂದವನನ್ನು ಯಾರೂ ಕೇಳಲಿಕ್ಕಿಲ್ಲ. ಅದರ ಕೆಳಗೆ ಇಳಿಸಿದವನು ಎಫ್‌ಸಿ (ಫಿಟ್‌ನೆಸ್ ತಪಾಸಣೆ) ದಿನ ಏನು ಹೇಳುತ್ತಾನೋ, ಅಪಘಾತವಾದರೆ ವಿಮೆಯವರಿಗೆ ಏನು ಹೇಳುತ್ತಾನೋ ಮೊದಲೇ ಯೋಚಿಸಿಕೊಳ್ಳಲಿ.

ಮಾಡಬೇಕಾದ್ದು ಹಿಂದೆ ಇದೆ. ಹಿಂದಿನ ಸೆಟ್ಟು ಗಾಡಿಯಿಂದ ಬಿಚ್ಚಿ, ಸೀಳಿದ ಪ್ಲೇಟು ಬದಲಿಸಿ, ಉಳಿದವಕ್ಕೆ ತಣ್ಣಗೆ ಬೆಂಡ್ ಕೊಡಿಸಿ. ತೀರಾ ಕೂತಿದ್ದರೆ ಹೊಸ ಸೆಟ್ಟೇ ಹಾಕಿ, ಬೆಂಡ್ ಕೊಟ್ಟ ಹಳೇ ಉಕ್ಕು ಮತ್ತೆ ಕೂರುತ್ತದೆ. ಹಿಂಭಾಗ 40 ಮಿ.ಮೀ. ಎದ್ದರೆ ಹೆಡ್‌ಲೈಟಿನ ಕೋನವೂ ಚಾಸಿಯ ವಾಲೂ ಅಷ್ಟೇ ಸರಿಹೋಗುತ್ತವೆ, ಮುಂದಿನ ಓಟ ಒಂದು ಮಿ.ಮೀ. ಕೂಡ ಹೋಗುವುದಿಲ್ಲ. ಆಮೇಲೂ ಡ್ರ್ಯಾಗ್ ಲಿಂಕ್ ಕಡಿದಾಗಿಯೇ ಕಂಡರೆ ಮುಂದಿನ ಸೆಟ್ಟಿನ ಪ್ಲೇಟು ಎಣಿಸಿ. ಹೆಚ್ಚಿಗೆ ಇದ್ದದ್ದನ್ನು ತೆಗೆದು, ಅಷ್ಟಕ್ಕೇ ನಿಲ್ಲಿಸಿ.