ಇಸ್ತ್ರಿಪೆಟ್ಟಿಗೆ ಬಿದ್ದದ್ದು ಯಾರ ಮುಖದ ಮೇಲೆ?

ಅಮೆರಿಕದ ಕೌಟುಂಬಿಕ ಹಾಸ್ಯಚಿತ್ರಗಳನ್ನು ಶ್ರದ್ಧೆಯಿಂದ ನೋಡುತ್ತ ಬಂದವರಿಗೆ ಒಂದು ಸಂಗತಿ ಹೊಳೆದೇ ಇರುತ್ತದೆ. ಆ ಚಿತ್ರಗಳ ಲೋಕದಲ್ಲಿ ಒಂದು ಮನೆಗೆ ಇಂತಿಷ್ಟೇ ಬುದ್ಧಿ ಎಂದು ಪಡಿತರದಂತೆ ಹಂಚಿಕೆಯಾಗಿರುತ್ತದೆ; ಮನೆಯ ಕಿರಿಯ ಮಗು ಅದನ್ನೆಲ್ಲ ಮೊದಲೇ ಬಳಿದುಕೊಂಡುಬಿಡುವುದರಿಂದ ಹಿರಿಯರ ಪಾಲಿಗೆ ಪಾತ್ರೆಯ ತಳವಷ್ಟೇ ಉಳಿಯುತ್ತದೆ. 1990ರ ನವೆಂಬರಿನಲ್ಲಿ ತೆರೆಕಂಡ ‘ಹೋಮ್ ಅಲೋನ್’ ಈ ಪಡಿತರ ವ್ಯವಸ್ಥೆಗೆ ಸಾಕ್ಷಿಯಾಗಿ ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಜಗತ್ತಿನ ಟಿ.ವಿ.ಗಳಲ್ಲಿ ಹಾಜರಾಗುತ್ತದೆ. ಷಿಕಾಗೋ ಹೊರವಲಯದ ಭವ್ಯ ಬಂಗಲೆಯಿಂದ ಒಂದು ತುಂಬು ಸಂಸಾರ ಕ್ರಿಸ್‌ಮಸ್‌ಗೆಂದು ಪ್ಯಾರಿಸ್ಸಿಗೆ ಹೊರಡುತ್ತದೆ. ಹೊರಡುವ ಮೊದಲು ತಲೆಗಳನ್ನು ಎಣಿಸಲಾಗುತ್ತದೆ. ಪಕ್ಕದ ಮನೆಯಿಂದ ಬಂದು ಸಾಮಾನು ಕೆದಕುತ್ತಿದ್ದ ಹುಡುಗನ ತಲೆಯೂ ಆ ಲೆಕ್ಕಕ್ಕೆ ಸೇರಿಕೊಳ್ಳುವುದರಿಂದ, ಸಂಖ್ಯೆ ಸರಿಯಾಗಿ, ಎಂಟು ವರ್ಷದ ಮಗ ಅಟ್ಟದ ಮೇಲೆ ಉಳಿದುಹೋಗುತ್ತಾನೆ.

ತಾಯಿ ಪ್ಯಾರಿಸ್ಸಿನಿಂದ ಫೋನ್ ಮಾಡಿದರೆ, ಡೋನಟ್ ಮೆಲ್ಲುತ್ತ ಕುಳಿತ ಪೊಲೀಸರು ಕರೆಯನ್ನು ಆ ವಿಭಾಗದಿಂದ ಈ ವಿಭಾಗಕ್ಕೆ ದಾಟಿಸುತ್ತಾರೆ. ಕೊನೆಗೊಬ್ಬ ಪೇದೆ ಹೋಗಿ ಬಾಗಿಲು ತಟ್ಟಿ, ಯಾರೂ ತೆರೆಯದಿದ್ದುದನ್ನು ಕಂಡು, ಮಕ್ಕಳನ್ನು ಇನ್ನೊಮ್ಮೆ ಎಣಿಸಿಕೊಳ್ಳಲು ಹೇಳಿ ಎಂದು ಸಂದೇಶ ಕಳುಹಿಸಿ ಹಿಂದಿರುಗುತ್ತಾನೆ. ಇಡೀ ಚಿತ್ರದಲ್ಲಿ ನಂಬಲರ್ಹವಾದ ದೃಶ್ಯ ಇದೊಂದೇ ಎಂದು ನನ್ನ ಅಭಿಪ್ರಾಯ.

ಮುಂದಿನದು, ಮನೆ ದೋಚಲು ಬಂದ ಇಬ್ಬರು ಕಳ್ಳರಿಗೆ ಆ ಹುಡುಗ ಮನೆತುಂಬ ಬಲೆ ಹೂಡುವ ಯುದ್ಧಕಾಂಡ. ಕಾಯಿಸಿದ ಬಾಗಿಲ ಹಿಡಿ ಅಂಗೈ ಸುಡುತ್ತದೆ, ಉರಿಯುವ ಬ್ಲೋಟಾರ್ಚ್ ತಲೆಗೂದಲು ಸುಡುತ್ತದೆ, ಇಸ್ತ್ರಿಪೆಟ್ಟಿಗೆ ಮೇಲಿನಿಂದ ಬಂದು ಮುಖದ ಮೇಲೆ ಕೂರುತ್ತದೆ, ಹಗ್ಗಕ್ಕೆ ಕಟ್ಟಿದ ಬಣ್ಣದ ಡಬ್ಬಗಳು ಮಹಡಿಯ ಮೆಟ್ಟಿಲಿನಿಂದ ಹಾರಿಬಂದು ಕಳ್ಳರಿಬ್ಬರನ್ನು ಅಂಗಾತ ಕೆಡವುತ್ತವೆ. 1992ರ ಎರಡನೆಯ ಭಾಗದಲ್ಲಿ ಹುಡುಗ ನ್ಯೂಯಾರ್ಕಿನ ಮನೆಯೊಂದರ ಮಾಳಿಗೆಯ ಮೇಲಿಂದ ಇಟ್ಟಿಗೆಗಳನ್ನೇ ಎಸೆಯುತ್ತಾನೆ; ಅವು ಒಂದರ ಹಿಂದೊಂದು ಒಬ್ಬನ ಹಣೆಗೇ ಬೀಳುತ್ತವೆ, ಆತ ಮತ್ತೆ ಎದ್ದು ನಿಲ್ಲುತ್ತಾನೆ. ಮಗ ಗೆಳೆಯನ ಬೆನ್ನಿಗೆ ರಬ್ಬರ್ ಚೆಂಡೆಸೆದರೆ ಶಾಲೆಗೆ ಹೋಗಿ ಕ್ಷಮಾಪಣೆ ಪತ್ರ ಬರೆದುಕೊಡುವ ತಂದೆಯೇ ಸೋಫಾದ ಮೇಲೆ ಕುಳಿತು ಈ ಇಟ್ಟಿಗೆಗಳಿಗೆ ಚಪ್ಪಾಳೆ ತಟ್ಟುತ್ತಾರೆ. ಇಂಥ ಚಿತ್ರಗಳಿಗೆ ‘ಕುಟುಂಬ ಸಮೇತ ನೋಡಬಹುದಾದ’ ಎಂಬ ಪ್ರಶಸ್ತಿ ದೊರೆಯುವುದು ಈ ಕಾರಣಕ್ಕೇ ಇರಬೇಕು.

ಎದುರಾಳಿಗಳ ಯೋಗ್ಯತೆಯನ್ನಾದರೂ ನೋಡಬೇಕು. ಕದ್ದ ಮನೆಯಲ್ಲೆಲ್ಲ ನಲ್ಲಿಯ ನೀರು ಬಿಟ್ಟು ಬರುವುದು ಈ ಕಳ್ಳರ ಸಹಿ. ತಾವು ಯಾವ ಯಾವ ಮನೆ ದೋಚಿದೆವು ಎಂಬ ಪಟ್ಟಿಯನ್ನು ಅವರೇ ನೀರಿನಲ್ಲಿ ಬರೆದು ಪೊಲೀಸರಿಗೆ ಒಪ್ಪಿಸುತ್ತಾರೆ. ನಮ್ಮ ಲಕ್ಷ್ಮೀಶ ಕವಿಗೆ ಈ ಉಪಾಯ ಹೊಳೆದಿರಲಿಲ್ಲ. ಜೈಮಿನಿ ಭಾರತದಲ್ಲಿ ಲವ ಯಜ್ಞಾಶ್ವದ ಕೊರಳಿಗೆ ಉತ್ತರೀಯ ಬಿಗಿದು ಬಾಳೆಗೆ ಕಟ್ಟಿದಾಗ ಎದುರಿಗೆ ಬಂದವರು ಅಯೋಧ್ಯೆಯ ಮಹಾವೀರರು. ಅವರಲ್ಲಿ ಯಾರೂ ಕಾಲು ಜಾರಿ ಅಂಗಾತ ಬೀಳುವುದಿಲ್ಲ. ಹುಡುಗನನ್ನು ದೊಡ್ಡವನನ್ನಾಗಿ ಮಾಡಲು ಎದುರಾಳಿಯನ್ನು ದಡ್ಡನನ್ನಾಗಿಸಿದರೆ ಸಾಕೆಂಬ ಮಿತವ್ಯಯದ ಸೂತ್ರ ಹಾಲಿವುಡ್ಡಿನದು.

ಹಾಗಾದರೆ ಆ ಬುದ್ಧಿವಂತಿಕೆ ಯಾರದು ಎಂದು ವಿಚಾರಿಸುವುದು ನ್ಯಾಯ. ಬಲೆಗಳನ್ನೆಲ್ಲ ಹೆಣೆದ ಚಿತ್ರಕಥೆಗಾರ ಜಾನ್ ಹ್ಯೂಸ್ ಅವರಿಗೆ ಚಿತ್ರ ಬಿಡುಗಡೆಯಾದಾಗ ನಲವತ್ತು ವರ್ಷ, ನಿರ್ದೇಶಕ ಕ್ರಿಸ್ ಕೊಲಂಬಸ್‌ಗೆ ಮೂವತ್ತೆರಡು. ಅಪಾಯದ ದೃಶ್ಯಗಳಲ್ಲಿ ಹುಡುಗನ ಬಟ್ಟೆ ತೊಟ್ಟು ಹಾರಿದವರು ಕುಳ್ಳಗಿನ ಒಬ್ಬ ವಯಸ್ಕ ಸಾಹಸ ಕಲಾವಿದರು. ಅಂದರೆ ಹಿರಿಯರು ಬರೆದು, ಹಿರಿಯರು ಹಾರಿ, ಹಿರಿಯರನ್ನು ಕೆಡವಿ, ಹಿರಿಯರಿಂದಲೇ ಟಿಕೆಟಿನ ಹಣ ಪಡೆದ ಸಾಹಸವೊಂದು ಎಂಟು ವರ್ಷದವನ ಹೆಸರಿನಲ್ಲಿ ನೋಂದಣಿಯಾಗಿದೆ. 1.8 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ 47 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಗೆಲುವು ಹೀಗಿರುವಾಗ ನಾಯಕನ ವಯಸ್ಸನ್ನು ಇನ್ನಷ್ಟು ಇಳಿಸಿದರೆ ಲಾಭ ಇನ್ನಷ್ಟು ಏರಬೇಕೆಂಬ ತರ್ಕದಿಂದಲೋ ಏನೋ, ಅದೇ ಹ್ಯೂಸ್ 1994ರಲ್ಲಿ ಬರೆದ ‘ಬೇಬಿಸ್ ಡೇ ಔಟ್’ನಲ್ಲಿ ಒಂಬತ್ತು ತಿಂಗಳ ಕೂಸು ಅಂಬೆಗಾಲಿನಲ್ಲೇ ಮೂವರು ಅಪಹರಣಕಾರರನ್ನು ಷಿಕಾಗೋ ನಗರದುದ್ದಕ್ಕೂ ಅಟ್ಟಾಡಿಸಿತು. ಆ ಒಂದು ಕೂಸಿನ ಪಾತ್ರಕ್ಕೆ ಅವಳಿ ಮಕ್ಕಳು ಬೇಕಾದರು. ಎಳೆಗೂಸುಗಳು ಸೆಟ್ಟಿನಲ್ಲಿ ಇರಬಹುದಾದ ಹೊತ್ತಿಗೆ ಮಿತಿ ಇರುವುದರಿಂದ ಅಲ್ಲಿನ ಚಿತ್ರಗಳಲ್ಲಿ ಇದು ವಾಡಿಕೆ. ಮುಂದಿನ ಚಿತ್ರದ ನಾಯಕ ಗರ್ಭದಲ್ಲೇ ಇರಬೇಕಿತ್ತು. ಆದರೆ ಆ ಹುದ್ದೆಯನ್ನು ಅಭಿಮನ್ಯು ಬಹಳ ಹಿಂದೆಯೇ ಅಲಂಕರಿಸಿದ್ದಾನೆ, ಆತನ ಕಥೆಯ ಅಂತ್ಯವೂ ಹಾಸ್ಯಕ್ಕೆ ಒಗ್ಗುವಂಥದ್ದಲ್ಲ.

ಪರದೆಯ ಈಚೆಗೆ ಬಂದರೆ ಕಥೆ ತಲೆಕೆಳಗಾಗುತ್ತದೆ. 1921ರ ‘ದಿ ಕಿಡ್’ನಲ್ಲಿ ಪುಟ್ಟ ಜ್ಯಾಕಿ ಕೂಗನ್ ಕಲ್ಲೆಸೆದು ಕಿಟಕಿ ಒಡೆಯುತ್ತಾನೆ, ಹಿಂದಿನಿಂದ ಚಾರ್ಲಿ ಚಾಪ್ಲಿನ್ ಗಾಜು ಹೊತ್ತುಕೊಂಡು ಏನೂ ತಿಳಿಯದವರಂತೆ ಬರುತ್ತಾರೆ. ಪೊಲೀಸರಿಗೆ ಮಣ್ಣೆರಚಿದ ಆ ಚತುರ ಬಾಲಕ ಮುಂದಿನ ವರ್ಷಗಳಲ್ಲಿ ಗಳಿಸಿದ್ದು 30ರಿಂದ 40 ಲಕ್ಷ ಡಾಲರ್ ಎಂಬುದು ಅಂದಾಜು. ದೊಡ್ಡವನಾದ ಮೇಲೆ ಕೇಳಿದರೆ ಹಣ ಖಾಲಿಯಾಗುತ್ತ ಬಂದಿತ್ತು. ಖರ್ಚು ಮಾಡಿದವರು ತಾಯಿ ಮತ್ತು ಮಲತಂದೆ. 1938ರಲ್ಲಿ ಆತ ನ್ಯಾಯಾಲಯದ ಮೆಟ್ಟಿಲೇರಿದಾಗ, ಹುಡುಗ ಕ್ಯಾಮೆರಾದ ಮುಂದೆ ಆಟವಾಡಿಕೊಂಡಿದ್ದನೇ ಹೊರತು ಅದನ್ನು ಕೆಲಸವೆಂದು ತಿಳಿದಿರಲಿಲ್ಲ ಎಂಬರ್ಥದ ಮಾತು ತಾಯಿಯ ಕಡೆಯಿಂದ ಬಂತು. ಅಪ್ರಾಪ್ತ ವಯಸ್ಕರ ಸಂಪಾದನೆ ಹೆತ್ತವರದು ಎನ್ನುತ್ತಿದ್ದ ಅಂದಿನ ಕಾನೂನೂ ಅವರ ಬೆನ್ನಿಗಿತ್ತು. ಕೊನೆಗೆ ಕೈಗೆ ಬಂದದ್ದು 1,26,000 ಡಾಲರ್. ಇಷ್ಟು ಅಚ್ಚುಕಟ್ಟಾಗಿ ಹೂಡಿದ ಬಲೆಯನ್ನು ಹ್ಯೂಸ್ ಅವರೂ ಬರೆದಿಲ್ಲ. ಇದರಲ್ಲಿ ಇಸ್ತ್ರಿಪೆಟ್ಟಿಗೆ ಬಿದ್ದದ್ದು ಮಗುವಿನ ಮುಖದ ಮೇಲೆ. ಕ್ಯಾಲಿಫೋರ್ನಿಯಾ 1939ರಲ್ಲಿ ಕೂಗನ್ ಹೆಸರಿನ ಕಾನೂನು ತಂದಿತು. ಅದರಲ್ಲಿದ್ದ ತೂತುಗಳನ್ನು ಮುಚ್ಚಿ, ಗಳಿಕೆಯ ಶೇ 15ರಷ್ಟನ್ನು ಮಗುವಿನ ಟ್ರಸ್ಟಿಗೆ ತೆಗೆದಿಡಲೇಬೇಕೆಂದು ಬಿಗಿಗೊಳಿಸಲು ಹಿರಿಯರಿಗೆ ಹೆಚ್ಚುಕಡಿಮೆ ಅರವತ್ತು ವರ್ಷ ಹಿಡಿಯಿತು, ಅಷ್ಟೆ.

‘ಹೋಮ್ ಅಲೋನ್’ ಹುಡುಗ ಮೆಕಾಲೆ ಕಲ್ಕಿನ್ 1994ರ ಹೊತ್ತಿಗೆ, ಹದಿನಾಲ್ಕನೆಯ ವಯಸ್ಸಿಗೇ, ನಟನೆಯಿಂದ ದೂರ ಸರಿದರು. ತಂದೆತಾಯಿ ಬೇರೆಯಾಗಿ, ಮಕ್ಕಳು ಯಾರ ಸುಪರ್ದಿಗೆ ಎಂಬ ಜಗಳ ನ್ಯಾಯಾಲಯದಲ್ಲಿ ನಡೆಯಿತು; ತಮ್ಮ ಟ್ರಸ್ಟಿನಿಂದ ಇಬ್ಬರ ಹೆಸರನ್ನೂ ಕಾನೂನಿನ ಮೂಲಕ ತೆಗೆಸಿದ್ದಾಗಿ ಅವರೇ ಮುಂದೆ ಹೇಳಿಕೊಂಡರು. ಸಂಸಾರ ಕಣ್ಮರೆಯಾಗಲಿ ಎಂದು ಹಾರೈಸಿ, ಅದು ಈಡೇರಿತೆಂದು ಮಂಚದ ಮೇಲೆ ಕುಣಿದು, ಕೊನೆಗೆ ಅಮ್ಮನನ್ನು ತಬ್ಬಿಕೊಳ್ಳುವ ಪಾತ್ರ ಮಾಡಿದ ಹುಡುಗನ ಜೀವನ ಹೀಗಾಯಿತು.

ನಮ್ಮಲ್ಲಿಯೂ ನಿಯಮವಿದೆ. 2017ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ಬಾಲಕಾರ್ಮಿಕ ನಿಯಮಗಳಂತೆ, ಬೆಂಗಳೂರಿನ ಕನ್ನಡ ಚಿತ್ರದ ಸೆಟ್ಟಿನಲ್ಲಾಗಲಿ, ವಾರಾಂತ್ಯದ ಮಕ್ಕಳ ಹಾಸ್ಯಸ್ಪರ್ಧೆಯಲ್ಲಾಗಲಿ, ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಾಗಬೇಕು. ಉಳಿದ ಶೇ 80ರ ಮಟ್ಟಿಗೆ ನಿಯಮವು ಹೆತ್ತವರ ಜಾಣತನದ ಮೇಲೆ ಪೂರ್ಣ ಭರವಸೆ ಇರಿಸಿದೆ.

‘ಹೋಮ್ ಅಲೋನ್’ ಮನೆ ನಿಜವಾಗಿಯೂ ಇದೆ, ಇಲಿನಾಯ್ ರಾಜ್ಯದ ವಿನೆಟ್ಕಾದಲ್ಲಿ. 2024ರ ಮೇ ತಿಂಗಳಿನಲ್ಲಿ ಅದನ್ನು 52.5 ಲಕ್ಷ ಡಾಲರಿಗೆ ಮಾರಾಟಕ್ಕಿಟ್ಟಾಗ ಜಗತ್ತಿನ ಪತ್ರಿಕೆಗಳೆಲ್ಲ ಅಡುಗೆಮನೆ ಸಹಿತ ಚಿತ್ರಗಳನ್ನು ಅಚ್ಚುಹಾಕಿದವು. ಅದೇ ವರ್ಷದ ಜುಲೈ 1ರಂದು ಅದೇ ರಾಜ್ಯದಲ್ಲಿ ಇನ್ನೊಂದು ಸಂಗತಿ ನಡೆಯಿತು: ಮಕ್ಕಳ ತೊದಲು, ಅಳು, ಕಿತಾಪತಿಗಳನ್ನು ವಿಡಿಯೊ ಮಾಡಿ ಹಣ ಗಳಿಸುವ ಹೆತ್ತವರು ಆ ಗಳಿಕೆಯಲ್ಲಿ ಮಕ್ಕಳ ಪಾಲನ್ನು ತೆಗೆದಿಡಬೇಕೆಂಬ ಕಾನೂನು ಜಾರಿಗೆ ಬಂತು, ತೆಗೆದಿಡದಿದ್ದರೆ ಮಗು ದೊಡ್ಡದಾದ ಮೇಲೆ ದಾವೆ ಹೂಡಬಹುದು. ಅಮೆರಿಕದಲ್ಲಿ ಇಂಥ ಮೊದಲ ಕಾನೂನು ಇದು. ಇದಕ್ಕೆ ಮೂಲ, ಆ ರಾಜ್ಯದ ಹೈಸ್ಕೂಲು ಹುಡುಗಿಯೊಬ್ಬಳು ತನ್ನ ಸೆನೆಟರಿಗೆ ಬರೆದ ಪತ್ರ. ಆಕೆ ಬಣ್ಣದ ಡಬ್ಬ ತೂಗುಬಿಡಲಿಲ್ಲ, ಯಾರ ಕೂದಲನ್ನೂ ಸುಡಲಿಲ್ಲ. ಒಂದು ಅಂಚೆಚೀಟಿಯಷ್ಟು ಖರ್ಚಿನಲ್ಲಿ ರಾಜ್ಯದ ಹಿರಿಯರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದಳು. ಆ ಕಥೆಯನ್ನು ಚಿತ್ರ ಮಾಡಲು ನಿರ್ಮಾಪಕರು ಮುಗಿಬಿದ್ದಂತೆ ಕಾಣುವುದಿಲ್ಲ. ಅದರಲ್ಲಿ ಅಂಗಾತ ಬೀಳಬೇಕಾದವರು ಯಾರೆಂಬುದು ಅವರಿಗೂ ತಿಳಿದಿರಬೇಕು.