ಸ್ಪ್ರೇಗಳಲ್ಲಿ ಎರಡು ಜಾತಿ

ಅಲರ್ಜಿಯಿಂದ ಮೂಗು ಕಟ್ಟುವವರ ನಡುವೆ "ಮೂಗಿನ ಸ್ಪ್ರೇ ಎರಡು ದಿನದ ಆರಾಮ, ಆಮೇಲೆ ಅದೇ ಚಟ" ಎಂಬ ಮಾತಿದೆ. ಇದು ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್‌ಗಷ್ಟೇ ಸರಿ: ರಕ್ತನಾಳ ಕುಗ್ಗಿಸಿ ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ, 5 ದಿನ ಮೀರಿದರೆ ಮೊದಲಿಗಿಂತ ಬಿಗಿಯಾಗಿ ಕಟ್ಟಿಸುತ್ತವೆ. ಫ್ಲುಟಿಕಾಸೋನ್, ಮೊಮೆಟಾಸೋನ್ ಬೇರೆಯೇ. ಉರಿಯೂತ ಇಳಿಸುವ ಸ್ಟೀರಾಯ್ಡ್‌ಗಳು. ಪೂರ್ತಿ ಫಲ ಸಿಗಲು ದಿನವೂ ಹಾಕಿ 2 ವಾರವಾದರೂ ಕಾಯಬೇಕು. ಮೂರನೇ ದಿನಕ್ಕೇ ಬಾಟಲಿ ಮೂಲೆಗಿಟ್ಟು ಬೈದರೆ ಔಷಧದ ತಪ್ಪಲ್ಲ.

ಹಾಕುವುದರಲ್ಲೂ ಎಡವಟ್ಟಾಗುತ್ತದೆ. ತಲೆ ಹಿಂದಕ್ಕೆ ಎತ್ತಿದರೆ ಎಲ್ಲ ಗಂಟಲಿಗೆ ಇಳಿಯುತ್ತದೆ. ತುಸು ಮುಂದಕ್ಕೆ ಬಾಗಿ. ಬಲ ಹೊಳ್ಳೆಗೆ ಎಡಗೈ, ಎಡಕ್ಕೆ ಬಲಗೈ. ಆಗ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಗೇ ಸಿಡಿಸುತ್ತಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಸೊರ್ರೆಂದು ಎಳೆಯುವುದೂ ಬೇಡ.

"ಮೂಗಿನ ತೊಂದರೆ ಮೂಗಿಗೇ ಮುಗಿಯಿತು" ಎಂಬ ಇನ್ನೊಂದು ಮಾತಂತೂ ಒಪ್ಪಲಾಗದು. ಅಲರ್ಜಿ ಮೂಗಿನವರಲ್ಲಿ ಆಸ್ತಮಾ ಇದೆಯೇ ನೋಡಿ ಎಂದು 2001ರ ಏರಿಯಾ (ARIA, ಅಲರ್ಜಿ ಮೂಗು ಮತ್ತು ಆಸ್ತಮಾ ಕುರಿತ ಅಂತರರಾಷ್ಟ್ರೀಯ) ಮಾರ್ಗಸೂಚಿಯೇ ಹೇಳಿದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದರೆ ಸೋಸದ, ಒಣ ಗಾಳಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್‌ ಸದ್ದು ಇದ್ದವರು ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆ) ಮಾಡಿಸಿ. ಅಂಥವರಿಗೆ ಬರೀ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಸಾಲದು.