ಶುಕ್ರವಾರ ಸಂಜೆ ಆರಕ್ಕೇ ಮುಹೂರ್ತ ಯಾಕ್ರೀ?

ವಾರದಲ್ಲಿ ಸೋಮವಾರ ಇದೆ, ಮಂಗಳವಾರ ಇದೆ, ಬುಧವಾರವೂ ಇದೆ. ಆದರೂ ಕೊಡಗಿನ ಹೋಂಸ್ಟೇ ಸೈಟಿಗೆ ಹೊಸ ಕೋಡ್ ಹಾಕೋಕೆ ಬೆಂಗಳೂರಿನ ಟೀಮುಗಳಿಗೆ ಮುಹೂರ್ತ ಕೂಡಿಬರೋದು ಶುಕ್ರವಾರ ಸಂಜೆ ಆರಕ್ಕೇ. ಯಾಕೆ ಅಂದರೆ 'ಸ್ಪ್ರಿಂಟ್' ಅಂತ ಇವರು ಕರೆಯೋ ಎರಡು ವಾರದ ಕೆಲಸದ ಕಂತು ಅವತ್ತು ಮುಗಿಯುತ್ತಂತೆ. ಮೂರಕ್ಕೆ ಡೆಮೊ, ಐದಕ್ಕೆ ಕೆಲಸದ ಟಿಕೆಟ್‌ಗಳನ್ನೆಲ್ಲ 'ಡನ್' ಕಾಲಮ್ಮಿಗೆ ಎಳೆಯೋದು, ಆರಕ್ಕೆ ಡಿಪ್ಲಾಯ್ ಅಂದರೆ ಹೊಸ ಕೋಡನ್ನು ಸೈಟಿಗೆ ಏರಿಸೋದು, ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ. ಅದೇ ಹೊತ್ತಿಗೆ ಬೆಂಗಳೂರು, ಮೈಸೂರಿನ ಜನ ಆಫೀಸು ಮುಗಿಸಿ, ನಾಳೆ ಬೆಳಿಗ್ಗೆ ಹೊರಟರೆ ಮಡಿಕೇರಿಯಲ್ಲೋ ವಿರಾಜಪೇಟೆ ಕಡೆಯೋ ರೂಮು ಸಿಗುತ್ತಾ ಅಂತ ಮೊಬೈಲ್ ತೆಗೀತಾರೆ. ವಾರದ ವ್ಯಾಪಾರ ನಡೆಯೋದೇ ಆ ಮೂರ್ನಾಲ್ಕು ಗಂಟೆಯಲ್ಲಿ. ಸೈಟು ಬಿಳಿ ಪರದೆ ತೋರಿಸ್ತಾ ಕೂತಿರುತ್ತೆ.

ಕೇಳಿದರೆ "ಸ್ಪ್ರಿಂಟ್ ಮುಗಿದ ಮೇಲೇ ರಿಲೀಸ್ ಸರ್, ಅಜೈಲ್ ಅಂದರೆ ಹಾಗೇ" ಅಂತಾರೆ. ಅಜೈಲ್ ಅಂದರೆ ಸಾಫ್ಟ್‌ವೇರನ್ನು ಕಂತು ಕಂತಾಗಿ ಕಟ್ಟೋ ಪದ್ಧತಿ, ಅಷ್ಟೇ. ಎಲ್ಲಿದೆ ಸ್ವಾಮಿ ಆ ರೂಲು? ಅಜೈಲಿನ ಒಂದು ಬಗೆಯಾದ ಸ್ಕ್ರಮ್ಮಿನ 2020ರ ಗೈಡ್ ತೆಗೆದು ಓದಿ, ಒಂದು ಕಾಫಿ ಕುಡಿಯೋದರೊಳಗೆ ಮುಗಿಯುತ್ತೆ. ತಯಾರಾದ್ದನ್ನು ಸ್ಪ್ರಿಂಟ್ ಮುಗಿಯೋ ಮೊದಲೇ ಕೊಡಬಹುದು, ಸ್ಪ್ರಿಂಟ್ ರಿವ್ಯೂ ಅನ್ನೋ ಕೊನೆಯ ಸಭೆ ರಿಲೀಸಿಗೆ ಗೇಟು ಆಗಲೇಬಾರದು ಅಂತ ಅದರಲ್ಲೇ ಬರೆದಿದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ವಾರಾಂತ್ಯದ ಅತಿಥಿಗಳು ಹೊರಟುಹೋದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಹಾಕೋಕೆ ಯಾರು ಅಡ್ಡ ಬಂದಿದ್ದಾರೆ?

ಸರಿ, ಬಿತ್ತು ಅಂತಲೇ ಇಟ್ಟುಕೊಳ್ಳಿ. ಹಳೇದಕ್ಕೆ ವಾಪಸ್ ಹೋಗೋ ದಾರಿಯಾದರೂ ಬೇಡವೇ? ಇವರು ಹಳೇ ಫೈಲುಗಳ ಮೇಲೇ ಹೊಸದನ್ನು ಸುರೀತಾರೆ. ಪ್ರತಿ ರಿಲೀಸಿಗೂ ಬೇರೆ ಫೋಲ್ಡರ್ ಮಾಡಿ, ಕೊನೆಯ ಐದನ್ನು ಉಳಿಸಿಕೊಳ್ಳಿ, 'ಕರೆಂಟ್' ಅನ್ನೋ, ಕೈಮರದಂಥ ಸಿಮ್‌ಲಿಂಕ್ ಅವುಗಳಲ್ಲಿ ಒಂದರ ಕಡೆ ಇರಲಿ. ಕೆಟ್ಟರೆ ಸಿಮ್‌ಲಿಂಕ್ ತಿರುಗಿಸಿದರಾಯ್ತು, ಕೆಲವು ಸೆಕೆಂಡಿನ ಕೆಲಸ. ಕೊಡಗಿನಲ್ಲಿ ಮಳೆಗಾಲದಲ್ಲೂ ಹೋಗದ ಕರೆಂಟ್ ಅದೊಂದೇ ಇರಬಹುದು.

ಡೇಟಾಬೇಸ್ ವಿಷಯಕ್ಕೆ ಬಂದರೆ ತಲೆ ಚಚ್ಚಿಕೊಳ್ಳಬೇಕು. ಬುಕಿಂಗ್ ಟೇಬಲ್ಲಿನ ಒಂದು ಕಾಲಮ್ಮಿನ ಹೆಸರು ಚಂದ ಇಲ್ಲ ಅಂತ ಯಾರಿಗೋ ಅನ್ನಿಸುತ್ತೆ, ಬದಲಾಯಿಸಿಬಿಡ್ತಾರೆ. ಹೊಸ ಕೋಡ್ ಕೈಕೊಟ್ಟಾಗ ಹಳೇ ಕೋಡಿಗೆ ಮರಳಿದರೆ ಅದು ಹಳೇ ಹೆಸರನ್ನೇ ಹುಡುಕುತ್ತೆ, ಸಿಗಲ್ಲ, ಅದೂ ಮಕಾಡೆ. ಇದಕ್ಕೆ ಮೂರು ರಿಲೀಸ್ ಬೇಕು. ಮೊದಲನೇದರಲ್ಲಿ ಹೊಸ ಕಾಲಮ್ ಸೇರಿಸಿ, ಹಳೇದನ್ನು ಮುಟ್ಟಬೇಡಿ, ಕೋಡ್ ಎರಡಕ್ಕೂ ಬರೆಯಲಿ, ಹಳೇ ಸಾಲುಗಳನ್ನು ಹೊಸದಕ್ಕೆ ನಕಲು ಮಾಡಿ. ಎರಡನೇದರಲ್ಲಿ ಓದೋದು ಹೊಸದರಿಂದ. ಒಂದೆರಡು ವಾರ ಬಿಟ್ಟು, ಹಳೇದನ್ನು ಯಾರೂ ಕೇಳ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮೂರನೇದರಲ್ಲಿ ಕಿತ್ತುಹಾಕಿ. ಹೆಸರು ಬದಲಾಯಿಸೋ ಚಪಲ ಇದ್ದರೆ ಇಷ್ಟು ತಾಳ್ಮೆಯೂ ಇರಬೇಕು.

ಸೈಟು ಬಿದ್ದಿರೋ ಆ ಹೊತ್ತಲ್ಲೇ ಯಾರೋ ಯುಪಿಐ ಮಾಡಿರ್ತಾರೆ. ಹಣ ಬಂತು ಅಂತ ಪೇಮೆಂಟ್ ಗೇಟ್‌ವೇ ವೆಬ್‌ಹುಕ್ ಅನ್ನೋ ತಾನಾಗೇ ಹೋಗೋ ಸಂದೇಶ ಕಳಿಸುತ್ತೆ, ಈ ಕಡೆ ಎತ್ತೋರಿಲ್ಲ. ಅದು ಮತ್ತೆ ಮತ್ತೆ ಕಳಿಸುತ್ತೆ. ಸೈಟು ಏಳೋ ಹೊತ್ತಿಗೆ ಒಂದನ್ನು ತಗೊಂಡು ಉತ್ತರ ಕೊಡೋದು ತಡವಾದರೆ ಅದೇ ಇನ್ನೊಮ್ಮೆ ಬರುತ್ತೆ, ಒಂದೇ ಪಾವತಿಗೆ ಎರಡು ಬುಕಿಂಗ್ ಹುಟ್ಟುತ್ತೆ. ಪಾವತಿ ಐಡಿಗೆ ಒಂದು ಯುನೀಕ್ ಕೀ, ಅಂದರೆ ಒಂದೇ ಐಡಿ ಎರಡು ಸಲ ಸೇರದಂತೆ ತಡೆಯೋ ಬೀಗ, ಹಾಕಿದ್ದರೆ ಇದು ಆಗ್ತಿರಲಿಲ್ಲ. ರೂಮು ಮತ್ತು ದಿನಾಂಕ ಎರಡನ್ನೂ ಸೇರಿಸಿ ಇನ್ನೊಂದು ಯುನೀಕ್ ಕೀ ಬೇಕು. ಯಾಕೆಂದರೆ ರೂಮು ಖಾಲಿ ಇದೆಯಾ ಅಂತ ನೋಡೋದಕ್ಕೂ ಬುಕಿಂಗ್ ಬರೆಯೋದಕ್ಕೂ ನಡುವಿನ ಅರೆಗಳಿಗೆಯಲ್ಲಿ ಇನ್ನೊಬ್ಬರು ನುಗ್ಗಬಹುದು. ಇಲ್ಲದಿದ್ದರೆ ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಎರಡು ಸಂಸಾರ, ರೂಮು ಒಂದೇ. ಬೈಸಿಕೊಳ್ಳೋದು ಟೀಮನ್ನು ಸ್ಕ್ರಮ್ ದಾರಿಯಲ್ಲಿ ನಡೆಸೋ ಸ್ಕ್ರಮ್ ಮಾಸ್ಟರ್ ಅಲ್ಲ, ಮನೆ ಯಜಮಾನ್ರು.

ಆದರೆ ಸ್ಟ್ಯಾಂಡ್‌ಅಪ್ ಮಾತ್ರ ಒಂದು ದಿನವೂ ತಪ್ಪಲ್ಲ! ನಿಂತೇ ಮುಗಿಸಬೇಕಾದ 15 ನಿಮಿಷದ ದಿನದ ಸಭೆ ಅದು, 50 ನಿಮಿಷ ನಡೆಯುತ್ತೆ. ಕಾಫಿ ತೋಟದ ಲೆಕ್ಕ ಬರೆಯೋ ರೈಟರನ್ನು ನೋಡಿ ಕಲಿಯಿರಿ. ಬೆಳಿಗ್ಗೆ ಹಾಜರಿಯ ಚೆಕ್‌ರೋಲ್ ಹಿಡಿದು ನಿಂತರೆ ಯಾರು ಕಳೆಗೆ, ಯಾರು ಗೊಬ್ಬರಕ್ಕೆ, ಯಾರು ಚಿಗುರು ತೆಗೆಯೋಕೆ ಅಂತ ಹತ್ತೇ ನಿಮಿಷದಲ್ಲಿ ಮುಗಿಸ್ತಾರೆ. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕಕ್ಕೆ ಹಾಕಿ ನೋಡ್ತಾರೆ. 2001ರಲ್ಲಿ ಯೂಟಾದ ಸ್ನೋಬರ್ಡಿನಲ್ಲಿ 17 ಜನ ಕೂತು ಬರೆದ ಅಜೈಲ್ ಮ್ಯಾನಿಫೆಸ್ಟೊದ ತತ್ವಗಳು ಹೇಳಿದ್ದೂ ಇದನ್ನೇ: ಕೆಲಸ ಮಾಡೋ ಸಾಫ್ಟ್‌ವೇರೇ ಪ್ರಗತಿಯ ಮುಖ್ಯ ಅಳತೆ. ಇವರು ತೂಗೋದು ಸ್ಟೋರಿ ಪಾಯಿಂಟು, ಅಂದರೆ ಕೆಲಸ ಎಷ್ಟು ದೊಡ್ಡದು ಅಂತ ತಾವೇ ಹಾಕಿಕೊಂಡ ಅಂದಾಜಿನ ಅಂಕ.

ಕ್ಲೌಡ್ ಅಂತ ಹೆಸರು ದೊಡ್ಡದು, ಒಳಗಿರೋದು 1 ಜಿಬಿ ಮೆಮೊರಿಯ, ಅಮೆಜಾನಿನ ಟಿ3 ಮೈಕ್ರೊ ಅನ್ನೋ ಪುಟ್ಟ ಬಾಡಿಗೆ ಸರ್ವರ್. ಅದರಲ್ಲೇ ಸೈಟು ನಡೆಸೋ ವರ್ಡ್‌ಪ್ರೆಸ್, ಅದರಲ್ಲೇ ಡೇಟಾಬೇಸಾದ ಮೈಎಸ್‌ಕ್ಯೂಎಲ್. ಪಿಎಚ್‌ಪಿಯ ಮ್ಯಾಕ್ಸ್ ಚಿಲ್ಡ್ರನ್, ಅಂದರೆ ಸೈಟು ನಡೆಸೋಕೆ ಒಟ್ಟಿಗೆ ಓಡಬಹುದಾದ ಪ್ರೊಸೆಸ್ಸುಗಳ ಮಿತಿ, 50 ಅಂತ ಎಲ್ಲಿಂದಲೋ ನಕಲು ಹೊಡೆದಿರ್ತಾರೆ. ಒಂದೊಂದೂ 60 ಎಂಬಿ ತಿಂದರೂ 3 ಜಿಬಿ ಆಯ್ತು, ಎಲ್ಲಿಂದ ತರೋದು? ಜನ ನುಗ್ಗಿದ ಕೂಡಲೇ ಲಿನಕ್ಸ್ ಯಾರು ಹೆಚ್ಚು ತಿಂದಿದ್ದಾರೆ ಅಂತ ನೋಡಿ ಒಬ್ಬರನ್ನು ಕೊಲ್ಲುತ್ತೆ, ಸಾಮಾನ್ಯವಾಗಿ ಸಾಯೋದು ಮೈಎಸ್‌ಕ್ಯೂಎಲ್. ಆ 50ನ್ನು ಐದಾರಕ್ಕೆ ಇಳಿಸಿ, ಮೆಮೊರಿ ಸಾಲದಾಗ ಬಳಸೋಕೆ ಡಿಸ್ಕಿನಲ್ಲಿ 1 ಜಿಬಿ ಸ್ವಾಪ್ ಕೊಡಿ, ರೂಮಿನ ಪುಟಗಳನ್ನು ಒಮ್ಮೆ ತಯಾರಿಸಿಟ್ಟು ಕೊಡೋ ಪೇಜ್ ಕ್ಯಾಶ್ ಹಾಕಿ. ಆ ಮೆಷೀನಿಗೆ ಗಂಟೆಗೆ ಸಿಗೋದು 12 ಸಿಪಿಯು ಕ್ರೆಡಿಟ್ (ಜೋರಾಗಿ ಓಡೋಕೆ ಕೊಡೋ ಪಡಿ), ಕೂಡಿಡಬಹುದಾದ್ದು 288. ಮುಗಿದ ಮೇಲೆ ಅನ್‌ಲಿಮಿಟೆಡ್ ಮೋಡಿನಲ್ಲಿದ್ದರೆ ಬಿಲ್ಲು ಏರುತ್ತೆ, ಸ್ಟ್ಯಾಂಡರ್ಡಿನಲ್ಲಿದ್ದರೆ 10 ಶೇಕಡಾ ವೇಗಕ್ಕೆ ಕುಸಿಯುತ್ತೆ. ಇಷ್ಟೆಲ್ಲ ಆದರೂ ಮಾನಿಟರಿಂಗ್ ಮಾತ್ರ ಹಸಿರು. ಯಾಕೆ ಗೊತ್ತಾ? ಅದು ನೋಡ್ತಿರೋದು ಕ್ಯಾಶಿನಲ್ಲಿ ಕೂತಿರೋ ಮುಖಪುಟವನ್ನ. ಡೇಟಾಬೇಸಿಗೆ ಒಂದು ಸಣ್ಣ ಕ್ವೆರಿ ಹಾಕಿ ಉತ್ತರ ಕೊಡೋ ಹೆಲ್ತ್ ಪುಟ ಮಾಡೋಕೆ ಹತ್ತು ಸಾಲು ಕೋಡ್ ಸಾಕು.

ಕೆಲವರಂತೂ ಸರ್ವರ್ ಇಟ್ಟಿರೋದು ಅಮೆರಿಕದ ವರ್ಜೀನಿಯಾದಲ್ಲಿ. ಮೆನುವಿನಲ್ಲಿ ಮೊದಲು ಕಂಡಿದ್ದು ಅದು, ಒತ್ತಿಬಿಟ್ಟರು. ಅಮೆಜಾನಿನ ಮುಂಬೈ ಸರ್ವರ್ ಕೇಂದ್ರ (ರೀಜನ್) 2016ರಿಂದ ಇದೆ, ಹೈದರಾಬಾದಿನದು 2022ರಿಂದ. ವರ್ಜೀನಿಯಾಕ್ಕೆ ಹೋಗಿಬರೋಕೆ 200 ಮಿಲಿಸೆಕೆಂಡಿಗೂ ಮೇಲೆ. ಸಂಪರ್ಕ, ಎನ್‌ಕ್ರಿಪ್ಶನ್, ಪುಟ ಕೇಳೋದು ಅಂತ ಕನಿಷ್ಠ ಮೂರು ಸಲ ಓಡಾಟ. ಮೊದಲ ಅಕ್ಷರ ಬರೋಕೇ ಮುಕ್ಕಾಲು ಸೆಕೆಂಡು ಹತ್ತಿರ. ಅದರ ಮೇಲೆ ಮಂಜು, ತೋಟ, ಹಬೆಯಾಡೋ ಕಾಫಿ ಅಂತ 5 ಎಂಬಿ ಫೋಟೊಗಳು. ಘಾಟಿಯಲ್ಲಿ 2 ಎಂಬಿಪಿಎಸ್ ಸಿಕ್ಕಿದರೆ ಒಂದೊಂದಕ್ಕೂ 20 ಸೆಕೆಂಡ್. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಗುರ ಫೋಟೊ ನಮೂನೆಯಾದ ವೆಬ್‌ಪಿ ಮಾಡಿದರೆ 200-300 ಕೆಬಿಯಲ್ಲಿ ಮುಗಿಯೋ ಕೆಲಸ.

ಇನ್ನು ಮಳೆ. ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತೆ, ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತೆ. ಬುಕಿಂಗ್ ಒಪ್ಪೋಕೆ ಯಜಮಾನ್ರು 15 ನಿಮಿಷಕ್ಕೊಮ್ಮೆ ಓಟಿಪಿ ಕೇಳೋ ಡ್ಯಾಶ್‌ಬೋರ್ಡಿಗೆ ಲಾಗಿನ್ ಆಗಬೇಕಂತೆ! ಸಿಗ್ನಲ್ ಸ್ವಲ್ಪವಾದರೂ ಇದ್ದರೆ ಡೇಟಾ ಇಲ್ಲದ ಕಡೆಯೂ ಎಸ್ಸೆಮ್ಮೆಸ್ ದಾಟುತ್ತೆ, ಬುಕಿಂಗ್ ಕೋರಿಕೆ ಅದರಲ್ಲೇ ಬರೋ ಹಾಗೆ ಮಾಡಿ. ಉತ್ತರ ಬರೋ ತನಕ ರೂಮನ್ನು ಹಿಡಿದಿಡಲಿ. ಈ ಒಂದು ಟಿಕೆಟ್ ಯಾವ ಬಾಕಿ ಕೆಲಸದ ಬ್ಯಾಕ್‌ಲಾಗಿನಲ್ಲೂ ಮೇಲೆ ಬರಲ್ಲ, ಬಟನ್ನಿನ ಬಣ್ಣ ಮಾತ್ರ ಪ್ರತಿ ಸ್ಪ್ರಿಂಟಿನಲ್ಲೂ ಬದಲಾಗುತ್ತೆ.

ಹೋಂಸ್ಟೇ ನಡೆಸೋ ಅಣ್ಣಂದಿರೇ, ಅಕ್ಕಂದಿರೇ, ಡೊಮೇನ್ ಯಾರ ಹೆಸರಲ್ಲಿದೆ, ಕ್ಲೌಡ್ ಖಾತೆಯ ಪೂರ್ತಿ ಹಿಡಿತ ಕೊಡೋ ರೂಟ್ ಇಮೇಲ್ ಯಾರದ್ದು ಅಂತ ಇವತ್ತೇ ಕೇಳಿ. ಬಜೆಟ್ ಅಲರ್ಟ್ ಹಾಕಿದ್ದೀವಿ ಅಂದರೆ ನೆಮ್ಮದಿಯಾಗಬೇಡಿ, ಅದು ಕೂಗುತ್ತೆ ಅಷ್ಟೇ, ಖರ್ಚು ನಿಲ್ಲಿಸಲ್ಲ. ಬ್ಯಾಕಪ್ ಇದೆ ಅಂದರೆ, ಬೇರೆ ಮೆಷೀನಿನಲ್ಲಿ ಎಬ್ಬಿಸಿ ತೋರಿಸಿ ಅನ್ನಿ. "ಇವತ್ತು ಸಂಜೆ ಸಣ್ಣದೊಂದು ಅಪ್‌ಡೇಟ್ ಇದೆ ಸರ್" ಅಂತ ಶುಕ್ರವಾರ ಮೆಸೇಜ್ ಬಂದರೆ, ಮಂಗಳವಾರ ಬೆಳಿಗ್ಗೆ ಬನ್ನಿ ಅಂತ ಕಡ್ಡಿ ಮುರಿದ ಹಾಗೆ ಹೇಳಿ.